ಸೇತುವೆಯ ಇನ್ನೊಂದು ತುದಿ

ಒಂದು ದೊಡ್ಡ ನದಿ. ಈಚೆ ದಡದಲ್ಲಿ ಅಮೆರಿಕದ ಡೆಟ್ರಾಯಿಟ್, ಆಚೆ ದಡದಲ್ಲಿ ಕೆನಡಾದ ವಿಂಡ್ಸರ್, ನಡುವೆ ಸೇತುವೆ. ಈಚೆ ದಡದಲ್ಲಿ ಒಬ್ಬ ಎಂಜಿನಿಯರ್ ಇದ್ದ. ಆದರೆ ಕಥೆ ಅವನದಲ್ಲ, ತಾಯಂದಿರೇ. ಅವನ ನೀಲಿ ಅಂಗಿಗೆ ಇಸ್ತ್ರಿ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಿ, ಅತ್ತೆಯ ಮಂಡಿಯ ಕೆಳಗೆ ಟವೆಲಿನ ಸುರುಳಿ ಇಡುತ್ತಿದ್ದಾಳಲ್ಲ, ಅವಳದು. ವಾರಿಜ ಎಂದಿಟ್ಟುಕೊಳ್ಳೋಣ.

"ಒತ್ತಿ ಅತ್ತೆ. ಟವೆಲ್ ಚಪ್ಪಟೆ ಆಗ್ಬೇಕು. ಹಾಗೇ ಹಿಡ್ಕೊಳ್ಳಿ."

"ನಿಮ್ಮ ಮಾವನ್ನೇ ಅಷ್ಟು ವರ್ಷ ಹಿಡ್ಕೊಂಡಿದ್ದೋಳು ಕಣೆ ನಾನು, ಟವೆಲ್ ಯಾವ ಲೆಕ್ಕ." ಅತ್ತೆ ಉಸಿರು ಬಿಟ್ಟರು. "ಇಂಥ ಹಸ್ತಗುಣ ಇಟ್ಕೊಂಡು ಸೌಟು ತಿರುಗಿಸ್ತಾ ಕೂತಿದ್ದೀಯಲ್ಲ."

"ಏನ್ಮಾಡೋದು ಅತ್ತೆ, ವೀಸಾ ಬಿಡಲ್ಲ."

ವಿಂಡ್ಸರಿನಲ್ಲಿದ್ದಾಗ ವಾರಿಜ ಫಿಸಿಯೋಥೆರಪಿಸ್ಟ್. ಗಂಡ ಹೆಂಡತಿ ಇಬ್ಬರೂ ಕೆನಡಾದ ಪ್ರಜೆಗಳು. ಗಂಡನಿಗೆ ಈಚೆ ಕೆಲಸ ಸಿಕ್ಕಿತು. ದಿನವೂ ಸೇತುವೆಯ ಸಾಲಿನಲ್ಲಿ ಕಾರು ನಿಲ್ಲಿಸಿ ಬೇಸತ್ತು, ಸಂಸಾರವನ್ನೇ ಈಚೆಗೆ ತಂದ. ಕೆನಡಾದ ಎಂಜಿನಿಯರು ಇಲ್ಲಿ ಕೆಲಸ ಮಾಡಬಹುದು, ಹೇಳಿದ ಕಂಪನಿಯಲ್ಲಿ, ಕೊಟ್ಟಷ್ಟು ಅವಧಿಗೆ. ಅವನ ಜೊತೆ ಬಂದ ಹೆಂಡತಿ ಇಲ್ಲಿ ಇರಬಹುದು, ಓದಬಹುದು, ದುಡಿಯುವಂತಿಲ್ಲ. ಅದು ಕಾನೂನು. ಕಾನೂನನ್ನು ಬಯ್ಯಬೇಡಿ, ನೋಡಿ. ಈ ಕಥೆಯ ತಪ್ಪು ಬೇರೆ ಕಡೆ ಇದೆ.

ಅವಧಿ ಮುಗಿಯುತ್ತ ಬಂದಾಗೆಲ್ಲ ಆ ಮನೆಯಲ್ಲಿ ಒಂದು ವ್ರತ ನಡೆಯುತ್ತಿತ್ತು. ದೇವರ ಮುಂದೆ ತುಪ್ಪದ ದೀಪ. ಗಂಡನಿಗೆ ಅದೇ ನೀಲಿ ಅಂಗಿ, ಮೊದಲ ಸಲ ಅದನ್ನು ಹಾಕಿಕೊಂಡಾಗಲೇ ಕೆಲಸ ಆದದ್ದು. ಗಂಡ ಹೆಂಡತಿ ಸೇತುವೆ ದಾಟಿ ವಿಂಡ್ಸರಿಗೆ ಹೋಗುವುದು, ಕಾರಿನಲ್ಲೇ ಕೂತು ಡಬ್ಬಿಯ ಚಿತ್ರಾನ್ನ ತಿನ್ನುವುದು, ತಿರುಗಿ ಬಂದು ಗಡಿಯ ಕಚೇರಿಯಲ್ಲಿ ಹೊಸ ಅವಧಿ ಕೇಳುವುದು. ಆ ದಾರಿಯಲ್ಲೇ ವಾರಿಜಳ ಹಳೆಯ ಕ್ಲಿನಿಕ್ಕು. ಅದರ ಕಿಟಕಿ ಕಾಣುವ ಹೊತ್ತಿಗೆ ಅವಳು ತಲೆ ಬಗ್ಗಿಸಿ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದಳು. ಮುಚ್ಚಳ ಮಡಿಲಲ್ಲೇ ಇರುತ್ತಿತ್ತು.

ಈ ಸಲವೂ ಹೋದರು, ತಿಂದರು, ತಿರುಗಿ ಬಂದರು. ಗಡಿಯ ಅಧಿಕಾರಿ ಗಂಡನ ಕಾಗದಪತ್ರ ನೋಡಿ ಮುಗಿಸಿ ವಾರಿಜಳ ಕಡೆ ತಿರುಗಿದ. ಅವನಾಡಿದ್ದನ್ನು ನಮ್ಮ ಮಾತಲ್ಲಿ ಹೇಳುತ್ತೇನೆ.

"ನೀವೇನು ಕೆಲಸ ಮಾಡ್ತೀರಮ್ಮ?"

ಉತ್ತರ ಕೊಟ್ಟವನು ಗಂಡ. "ಅವಳು ಫಿಸಿಯೋಥೆರಪಿಸ್ಟ್ ಸಾರ್. ಆದ್ರೆ ಮಾಡೋ ಹಾಗಿಲ್ಲವಲ್ಲ, ವೀಸಾ ಬಿಡಲ್ಲ."

"ಈ ದಡದಲ್ಲಿ ಬಿಡಲ್ಲ," ಎಂದ ಅಧಿಕಾರಿ. "ಆ ದಡ ಇವರದೇ ದೇಶ ಅಲ್ವಾ? ಅಲ್ಲಿ ದಿನಾ ಹೋಗಿ ದುಡಿದು ಸಂಜೆ ಮನೆಗೆ ಬರ್ಲಿ. ತಡೆಯೋಕೆ ನಾನ್ಯಾರು?"

ಕಾರು ಹೊರಟಿತು. ಗಂಡ ಖುಷಿಯಲ್ಲಿದ್ದ. "ಮೂರು ವರ್ಷ ಸಿಕ್ತು ವಾರಿ, ಇನ್ನು ನಿಶ್ಚಿಂತೆ." ಸ್ವಲ್ಪ ದೂರ ಹೋದ ಮೇಲೆ, "ಅಲ್ಲಾ, ಅವನು ಹೇಳಿದ್ದು ನಿಂಗೆ ಗೊತ್ತಿತ್ತಾ?" ಎಂದ.

"ಇಲ್ಲ ಕಣ್ರೀ," ಎಂದಳು.

ಗೊತ್ತಿರಲಿಲ್ಲವೇ? ಈಚೆಗೆ ಬಂದ ಹೊಸದರಲ್ಲಿ ಆ ಕ್ಲಿನಿಕ್ಕಿನ ಹಿರಿಯಾಕೆ ಫೋನ್ ಮಾಡಿದ್ದಳು: ವಾರಕ್ಕೆ ಎರಡು ದಿನವಾದರೂ ಸೇತುವೆ ದಾಟಿ ಬಾ. ಆಗ ಮಗಳಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಹೊಸ ಮನೆ, ನಿದ್ದೆಯಿಲ್ಲ, ಒಬ್ಬಳೇ ಕಾರು ಓಡಿಸಿಕೊಂಡು ಆ ಎತ್ತರದ ಸೇತುವೆ ಏರಲು ಪುಕ್ಕಲು. ಹಾಗೆಂದೇ ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. "ವೀಸಾ ಬಿಡಲ್ಲ," ಎಂದಳು. ಆಕೆ ಫೋನ್ ಇಟ್ಟಳು.

ನೋಡಿ, ಆ ಮಾತು ಹುಟ್ಟಿದ್ದು ಗಂಡನ ಬಾಯಲ್ಲಲ್ಲ. ಅವಳದೇ ಬಾಯಲ್ಲಿ. ಆಮೇಲೆ ಗಂಡ ನಂಬಿದ, ಅತ್ತೆ ನಂಬಿದರು, ಹೇಳಿ ಹೇಳಿ ಕಡೆಗೆ ಅವಳೂ ನಂಬಿದಳು. ಈಗ ಮಗಳು ಐದನೇ ಕ್ಲಾಸು. ವೃತ್ತಿಯ ನೋಂದಣಿ ಯಾವತ್ತೋ ಹೋಗಿದೆ. ಮತ್ತೆ ಒಬ್ಬ ರೋಗಿಯ ಮಂಡಿ ಮುಟ್ಟಬೇಕಾದರೆ ಹೊಸದಾಗಿ ತರಬೇತಿ, ಅದೂ ತನಗಿಂತ ಎಷ್ಟೋ ಚಿಕ್ಕವರ ಕೈಕೆಳಗೆ. ಗಂಡನ ಅವಧಿಗೆ ನವೀಕರಣ ಉಂಟು. ಕಳೆದ ವರ್ಷಗಳಿಗೆ ಯಾವ ಗಡಿಯಲ್ಲಿ, ಯಾರನ್ನು ಕೇಳೋಣ?

ನಗಬೇಡಿ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಮಂದಿಗೆ ಇಂಥದೊಂದು ವೀಸಾ ಇಲ್ಲ ಹೇಳಿ. "ನಮ್ಮನೇಲಿ ಬಿಡಲ್ಲ." ಕೇಳಿದ್ದೀರಾ? "ಅವರು ಒಪ್ಪಲ್ಲ." ಒಮ್ಮೆಯಾದರೂ ಬಾಯಿ ಬಿಟ್ಟು ಕೇಳಿದ್ದೀರಾ? ಇಲ್ಲ. ಅವರು ಬೇಡ ಅನ್ನುವ ಮೊದಲೇ ಅವರ ಪರವಾಗಿ ನಾವೇ ಬೇಡ ಅಂದುಕೊಂಡಿರುತ್ತೇವೆ. ನಿಜವಾಗಿ ಮುಚ್ಚಿದ ಬಾಗಿಲುಗಳೂ ಇವೆ, ಇಲ್ಲ ಎನ್ನುವುದಿಲ್ಲ. ಅವುಗಳ ಮುಂದೆ ಕಾಯೋಣ. ಆದರೆ ನಾಳೆ ಬೆಳಿಗ್ಗೆ "ಬಿಡಲ್ಲ" ಎಂಬ ಮಾತು ತುದಿನಾಲಿಗೆಗೆ ಬಂದಾಗ ಒಂದು ಗಳಿಗೆ ತಡೆಯಿರಿ. ಯಾರು ಬಿಡಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಭಯವಿದ್ದರೆ ಭಯ ಎನ್ನಿ, ಸುಸ್ತಾಗಿದ್ದರೆ ಸುಸ್ತು ಎನ್ನಿ. ಭಯಕ್ಕೆ ಮದ್ದುಂಟು, ತಾಯಂದಿರೇ. ಅದಕ್ಕೆ ಕಾನೂನಿನ ಬಟ್ಟೆ ತೊಡಿಸಿ ಕೂರಿಸಿದರೆ ಮದ್ದು ಕೊಡುವವರಿಗೂ ಗುರುತು ಸಿಗುವುದಿಲ್ಲ. ಹಿಂದೆ ಕೂತ ಯಜಮಾನರೇ, ನಿಮಗೂ ಒಂದು ಮಾತು. ಕಾರು ಓಡಿಸುವವನಿಗೆ ಸೇತುವೆ ಎಂದರೆ ತಾನು ಹೋಗುವ ಕಡೆ ಮಾತ್ರ. ಪಕ್ಕದಲ್ಲಿ ಕೂತವಳು ಯಾಕೆ ತಲೆ ಬಗ್ಗಿಸಿದಳು ಎಂದು ಒಮ್ಮೆ ತಿರುಗಿ ನೋಡಿ.

ವಾರಿಜ ಏನು ಮಾಡಿದಳು ಎನ್ನುತ್ತೀರಾ? ಮನೆಗೆ ಬಂದು ಅತ್ತೆಯ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟಳು.

"ವೀಸಾ ಆಯ್ತಂತಲ್ಲ. ಇನ್ನೂ ಏನೇ ಯೋಚನೆ ನಿಂದು?" ಎಂದರು ಅತ್ತೆ.

"ಏನಿಲ್ಲ ಅತ್ತೆ. ಇನ್ನೊಂದ್ಸಲ ಒತ್ತಿ."

ಅತ್ತೆ ಒತ್ತಿದರು. ಮಂಡಿಯ ಮೇಲಿನ ಸ್ನಾಯು ಬಿಗಿಯುವುದು ಅವಳ ಅಂಗೈಗೆ ತಿಳಿಯಿತು. ಕೈ ಮರೆತಿರಲಿಲ್ಲ. ಸೋಮವಾರ ಮಗಳನ್ನು ಶಾಲೆಗೆ ಬಿಟ್ಟವಳು ಕಾರನ್ನು ಮನೆಯ ಕಡೆ ತಿರುಗಿಸುವುದಿಲ್ಲ, ಒಬ್ಬಳೇ ಸೇತುವೆ ಏರಿ ಆ ಹಿರಿಯಾಕೆಯ ಮುಂದೆ ಹೋಗಿ ನಿಲ್ಲುತ್ತಾಳೆ. ಮೊದಲು, ಅಂದು ಹೇಳಿದ್ದು ಸುಳ್ಳು ಎಂದು ಹೇಳುತ್ತಾಳೆ. ಅಷ್ಟು ನಿಶ್ಚಯವಾಯಿತು. ಅತ್ತೆಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

"ಈಗ ಮೆಲ್ಲಗೆ ಬಿಡಿ ಅತ್ತೆ," ಎಂದಳು.