ಎಡಗಿವಿಗೆ ಹೇಳಿದ್ದು

ದೆವ್ವದ ಕತೆ ಅಂದಮೇಲೆ ಒಂದು ಬಾವಿ ಇರಬೇಕು. ಇದರಲ್ಲೂ ಇದೆ. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದ ಕಾಲದ ಬಾವಿ. ಈಗ ಅದರ ಬಾಯಿಗೆ ಚಪ್ಪಡಿ ಮುಚ್ಚಿ, ಚಪ್ಪಡಿಯ ಮೇಲೆ ಸ್ಕೂಟರ್ ನಿಲ್ಲಿಸುತ್ತಾರೆ. ಅಲ್ಲಿ ಏನೂ ಆಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದದ್ದು ನಮ್ಮ ಪಕ್ಕದ ಮನೆಯಲ್ಲಿ, ಟ್ಯೂಬ್‌ಲೈಟ್ ಉರಿಯುತ್ತಿದ್ದ ಹಾಲಿನಲ್ಲಿ. ಸ್ವಲ್ಪ ಹತ್ತಿರ ಬನ್ನಿ... ಗೋಡೆಯಾಚೆ ಅವರಿನ್ನೂ ಮಲಗಿರುವುದಿಲ್ಲ.

ಹೋದ ವರ್ಷ ಆಯುಧಪೂಜೆಯ ರಾತ್ರಿ. ಒಂಬತ್ತೂವರೆ ಇರಬಹುದು. ನಮ್ಮ ಪಕ್ಕದ ಮನೆಯ ಗುರುಶಾಂತಪ್ಪ ಕೈಯಲ್ಲೊಂದು ಸಣ್ಣ ಕವರ್ ಹಿಡಿದು ಆ ಬಾವಿ ದಾಟಿ ಮನೆಗೆ ಬರುತ್ತಿದ್ದರು. ಕವರಿನಲ್ಲಿ ಟೀವಿಗೆ ಸಿಕ್ಕಿಸುವ ಎರಡು ಎಚ್‌ಡಿಎಂಐ ಕೇಬಲ್. ರಸ್ತೆಯ ತುಂಬ ಒಡೆದ ಬೂದುಗುಂಬಳ, ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು. ಅವರು ನಡೆಯುವುದು ಯಾವಾಗಲೂ ರಸ್ತೆಯ ಎಡ ಅಂಚಿನಲ್ಲಿ, ಕಾಂಪೌಂಡುಗಳನ್ನು ಸವರಿಕೊಂಡು. ಏಳು ವರ್ಷದವರಿದ್ದಾಗ ಮಂಗನಬಾವು ಬಂದು ಎಡಗಿವಿ ಹೋಯಿತು. ಪೂರ್ತಿ ಹೋಯಿತು. ಗೋಡೆಗೆ ಆ ಕಿವಿ, ಗಾಡಿಗಳಿಗೆ ಈ ಕಿವಿ, ಇದು ಅವರ ಐವತ್ತು ವರ್ಷದ ಏರ್ಪಾಡು.

ಇನ್ನು ಮನುಷ್ಯನ ಚಪಲ ನೋಡಿ. ಒಂದೇ ಕಿವಿಯ ಈ ಮಹಾನುಭಾವರು ಹತ್ತು ವರ್ಷದ ಹಿಂದೆ ಮನೆಗೆ ತಂದದ್ದು ಐದು ಸ್ಪೀಕರಿಗೆ ಸದ್ದು ಹಂಚುವ ಸರೌಂಡ್ ಸೌಂಡ್ ರಿಸೀವರ್. ಮುಂದೆ ಮೂರು, ಹಿಂದೆ ಎರಡು, ಮೂಲೆಯಲ್ಲಿ ಗುಮ್ ಅನ್ನುವ ವೂಫರ್. ಬೀದಿಯವರೆಲ್ಲ ಗೇಲಿ ಮಾಡಿದರು, ನಾನೂ ಮಾಡಿದೆ. ಅವರು ನಕ್ಕು, ಬಲಗಡೆಯದು ನನಗೆ, ಎಡಗಡೆಯದು ನನ್ನ ಮಗಳಿಗೆ ಅಂದರು.

ಆ ಮಗಳು ಶಿಲ್ಪಶ್ರೀ. ಒಬ್ಬಳೇ ಮಗಳು. ಬಿಟಿಎಂ ಲೇಔಟಿನ ಆಫೀಸೊಂದರಲ್ಲಿ ಕೆಲಸ, ಬಿಡುವಾದರೆ ಕಂಪ್ಯೂಟರ್ ಗೇಮು. ಆ ಗೇಮಿಂಗ್ ಕಂಪ್ಯೂಟರನ್ನು ಒಂದೊಂದೇ ಭಾಗ ತಂದು ಅವಳೇ ಜೋಡಿಸಿದ್ದಳು. ಚಿಕ್ಕವಳಿದ್ದಾಗ ಅವಳದೊಂದು ಅಭ್ಯಾಸ. ಏನಾದರೂ ತಪ್ಪು ಮಾಡಿದರೆ ಓಡಿಬಂದು ಅಪ್ಪನ ಎಡಗಿವಿಗೆ ಹೇಳುವುದು. ಲೋಟ ಒಡೆದದ್ದು, ಟೆಸ್ಟಿನಲ್ಲಿ ಮಾರ್ಕ್ಸ್ ಹೋದದ್ದು. ಅಪ್ಪ ಕೇಳಿಸದಿದ್ದರೂ "ಹೂಂ" ಅನ್ನುವರು. ಅಲ್ಲಿಗೆ ಅವಳ ಎದೆ ಹಗುರ. ಅಪ್ಪನ ಎಡಗಿವಿ ದೇವಸ್ಥಾನದ ಹುಂಡಿ, ಹಾಕಿದ್ದು ವಾಪಸ್ ಬರೋದಿಲ್ಲ ಅಂತ ಅವಳಮ್ಮ ಸರ್ವಮಂಗಳಾ ನಗುತ್ತಿದ್ದರು.

ತನ್ನ ಕಂಪ್ಯೂಟರನ್ನು ಅಪ್ಪನ ರಿಸೀವರಿಗೆ ಸೇರಿಸಬೇಕು ಅನ್ನುವುದು ಅವಳ ಆಸೆ. ಹಾಗೆ ಮಾಡಿದರೆ ಗೇಮಿನಲ್ಲಿ ಬೆನ್ನ ಹಿಂದಿನಿಂದ ಬರುವವನ ಹೆಜ್ಜೆ ಬೆನ್ನ ಹಿಂದೆಯೇ ಕೇಳಿಸುತ್ತದಂತೆ. ಗುರುಶಾಂತಪ್ಪ ಒಂದು ಸಲ ತಮಗೆ ತೋಚಿದಂತೆ ಕಂಪ್ಯೂಟರನ್ನು ಟೀವಿಗೆ, ಟೀವಿಯನ್ನು ರಿಸೀವರಿಗೆ ಸಿಕ್ಕಿಸಿದ್ದರು. ಮುಂದಿನ ಎರಡು ಸ್ಪೀಕರ್ ಮಾತ್ರ ಬಾಯಿಬಿಟ್ಟವು. ಅದು ಹಾಗಲ್ಲಪ್ಪಾ ಅಂದಳು. ಭಾನುವಾರ ನೋಡೋಣ ಅಂದರು. ಎಷ್ಟೋ ಭಾನುವಾರ ಬಂದವು, ಹೋದವು. ಜುಲೈಯಲ್ಲಿ ಅವಳಿಗೆ ಡೆಂಗಿ ಬಂತು. ಒಂಬತ್ತನೆಯ ದಿನ... ಹುಡುಗಿ ಇಲ್ಲ.

ಇಪ್ಪತ್ತಾರು ವರ್ಷ ಕಣ್ರೀ.

ಆದರೆ ಅವರನ್ನು ತಿಂದದ್ದು ಸಾವೊಂದೇ ಅಲ್ಲ. ಆಸ್ಪತ್ರೆಯಲ್ಲಿ ಐದನೆಯ ಸಂಜೆ ಅವಳು ಅಪ್ಪನ ತಲೆಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿ ಏನೋ ಹೇಳಿದಳು. ಎಡಗಿವಿಯಲ್ಲಿ. ಕೆನ್ನೆಗೆ ಬಿಸಿ ಉಸಿರು ತಾಗಿತು, ಅಷ್ಟೇ. ಜ್ವರದ ಹುಡುಗಿಯ ಕೈಲಿ ಇನ್ನೊಂದು ಸಲ ಹೇಳಿಸುವುದು ಬೇಡವೆಂದು, ಹಳೆಯ ಅಭ್ಯಾಸವೂ ಸೇರಿ, "ಹೂಂ ಪುಟ್ಟಿ" ಅಂದರು. ತಲೆ ಸವರಿ, ಕಾಫಿ ಕುಡಿಯಲು ಕೆಳಗೆ ಹೋದರು. ಹತ್ತೇ ನಿಮಿಷ. ಬರುವಷ್ಟರಲ್ಲಿ ಅವಳನ್ನು ಐಸಿಯುಗೆ ಒಯ್ದಿದ್ದರು. ಬಾಯಿಗೆ ನಳಿಗೆ ಹಾಕಿದ್ದರು. ಮತ್ತೆ ಅವಳು ಮಾತಾಡಲಿಲ್ಲ.

ಮಗಳು ಏನು ಕೇಳಿದಳು... ತಾನು ಯಾವುದಕ್ಕೆ ಹೂಂ ಅಂದೆ... ಇದೇ ಹುಳ. ನರ್ಸುಗಳನ್ನು ಕೇಳಿದರು, ಪಕ್ಕದ ಮಂಚದ ಮುದುಕಿಯನ್ನು ಕೇಳಿದರು. ಅವಳ ಶಿವಗಣಾರಾಧನೆಯ ದಿನ ಎಲೆಯ ಮುಂದೆ ಕೂತು, ಅನ್ನ ಕಲಸುತ್ತ, ನನ್ನನ್ನೂ ಕೇಳಿದರು.

"ಏನು ಹೇಳಿರಬಹುದು ಪ್ರಸನ್ನ?"

ಊಟ ಮಾಡಿ ಅಂದೆ.

ಆಯುಧಪೂಜೆ ಬಂತು. ಮನೆಯ ಯಂತ್ರಕ್ಕೆಲ್ಲ ವಿಭೂತಿ ಹಚ್ಚುವವರು ಅವಳ ಕಂಪ್ಯೂಟರನ್ನು ಹೇಗೆ ಬಿಟ್ಟಾರು. ಕೀಬೋರ್ಡ್ ಎತ್ತಿ ಧೂಳು ಒರೆಸುವಾಗ ಅಡಿಯಲ್ಲೊಂದು ಚೀಟಿ ಸಿಕ್ಕಿತು. ಅವಳದೇ ಅಕ್ಷರ. 'ಅಪ್ಪಾ, ಟೀವಿಗೆ ಹಾಕ್ಬೇಡ. ಕಂಪ್ಯೂಟರ್ ಹಿಂದಿನ ಗ್ರಾಫಿಕ್ಸ್ ಕಾರ್ಡಿಂದ ನೇರವಾಗಿ ರಿಸೀವರಿಗೆ. ಅಲ್ಲಿಂದ ಇನ್ನೊಂದು ಕೇಬಲ್ ಟೀವಿಗೆ. ಆಮೇಲೆ ಸೌಂಡ್ ಸೆಟ್ಟಿಂಗಲ್ಲಿ ರಿಸೀವರ್ ಆರಿಸಿ, 5.1, ಅಂದ್ರೆ ಐದು ಸ್ಪೀಕರ್ ಒಂದು ವೂಫರ್, ಅಂತ ಮಾಡಿ, ಟೆಸ್ಟ್ ಒತ್ತು. ಸದ್ದು ಒಂದೊಂದೇ ಸ್ಪೀಕರಿಗೆ ಸುತ್ತು ಬರುತ್ತೆ. ಭಾನುವಾರ ಅನ್ಬೇಡ.'

ಅದು ಗುರುವಾರ. ಅವರು ಚಪ್ಪಲಿ ಮೆಟ್ಟಿ ಕೇಬಲ್ ತರಲು ಹೊರಟರು.

ಒಂದು ತೊಡಕಿತ್ತು. ಹೋದ ಸಲ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಹಿಂದಿನ ಎಡಗಡೆಯ ಸ್ಪೀಕರಿನ ವೈರನ್ನು ಪೇಂಟಿನವರು ಕಿತ್ತು ಬಿಸಾಕಿದ್ದರು. ಆ ವೈರು ಅಂಗಡಿಯಲ್ಲಿ ಇರಲಿಲ್ಲ. ಇಲ್ಲದಿದ್ದರೆ ಹೋಗಲಿ, ಆ ಕಡೆ ಯಾರಿಗೆ ಕೇಳಬೇಕು ಅಂದುಕೊಂಡರು ಗುರುಶಾಂತಪ್ಪ. ಸ್ಪೀಕರ್ ಗೋಡೆಯ ಮೇಲೆ ಸುಮ್ಮನೆ ಇತ್ತು.

ಸರ್ವಮಂಗಳಾ ಮಲಗಿದ್ದರು. ಇವರು ಚೀಟಿ ನೋಡಿಕೊಂಡು, ಕನ್ನಡಕ ಹಣೆಗೇರಿಸಿ ಇಳಿಸಿ, ಎಲ್ಲ ಸೇರಿಸುವಷ್ಟರಲ್ಲಿ ಹನ್ನೊಂದೂವರೆ. ಟೆಸ್ಟ್ ಒತ್ತಿದರು. ಒಂದೇ ಕಿವಿಯವರಿಗೆ ಸದ್ದು ಕೇಳಿಸುತ್ತದೆ, ಯಾವ ದಿಕ್ಕಿನದು ಅಂತ ತಿಳಿಯುವುದಿಲ್ಲ. ಅದಕ್ಕೇ ಎದ್ದೆದ್ದು ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟು ನೋಡಿದರು. ಮುಂದಿನ ಎಡ... ಟಿಣ್. ನಡುವಿನದು... ಟಿಣ್. ಮುಂದಿನ ಬಲ... ಟಿಣ್. ವೂಫರ್... ಗುಮ್. ಹಿಂದಿನ ಬಲ...

ಟಿಣ್.

ಕಂಪ್ಯೂಟರಿನ ಸದ್ದು ಹಿಂದಿನ ಸ್ಪೀಕರಿಗೆ ಬಂದಿತ್ತು. ಅವರು ಕುರ್ಚಿಗೆ ಬಂದು ಕುಸಿದರು. ಇಷ್ಟು ಸುಲಭದ ಕೆಲಸ. ಎರಡು ಗಂಟೆಯದು. ಅವಳಿದ್ದಾಗ ಮಾಡಿಕೊಡಲಿಲ್ಲವಲ್ಲ ಅಂತ ಅಳು ಬಂತು.

ಒಂದು ಸ್ಪೀಕರಿನ ಸರದಿ ಬಾಕಿ ಇತ್ತು. ವೈರಿಲ್ಲದ್ದು.

ಏನೂ ಇಲ್ಲ...

ಆಮೇಲೆ... ಸರ್ರ್... ಬೆಡ್‌ಶೀಟ್ ಸರಿದ ಸದ್ದು. ಟಿಕ್... ಟಿಕ್... ಡ್ರಿಪ್ಸ್ ಮೆಷೀನಿನದು. ಅದರ ನಡುವೆ ಉಸಿರು. ಜ್ವರದವರು ಒಣಗಿದ ಬಾಯಲ್ಲಿ ಎಳೆಯುವಂಥದ್ದು. ಹ್ಹ... ಹ್ಹ... ಹಿಂದೆ, ಎಡಕ್ಕೆ. ಐವತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಒಂದು ಸದ್ದಿನ ದಿಕ್ಕು ತಿಳಿಯಿತು.

ರೂಢಿಯಂತೆ ಬಲಗಿವಿಯನ್ನು ಆ ಕಡೆ ತಿರುಗಿಸಿದರು. ನಿಂತುಹೋಯಿತು. ಮುಂದಕ್ಕೆ ನೋಡಿದರು... ಮತ್ತೆ ಉಸಿರು. ಬಲಗಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದರು. ಫ್ಯಾನಿನ ಸದ್ದು ಹೋಯಿತು. ರಸ್ತೆಯ ಸದ್ದು ಹೋಯಿತು. ಉಸಿರು ಹೋಗಲಿಲ್ಲ.

"ಅಪ್ಪಾ..."

"ಏನು ಪುಟ್ಟಿ?"

"ಭಯ ಆಗ್ತಿದೆ ಅಪ್ಪಾ... ಹೋಗ್ಬೇಡ."

ಇದು ಅವಳು ಅಂದದ್ದು. ಇದಕ್ಕೆ ಇವರು ಹೂಂ ಅಂದದ್ದು. ಹೋಗಬೇಡ ಅಂದ ಮಗಳಿಗೆ ಹೂಂ ಅಂದು, ತಲೆ ಸವರಿ, ಎದ್ದು ಹೋಗಿದ್ದರು. ಕಾಫಿಗೆ. ಇಂಥದ್ದನ್ನು ಯಾವ ಅಪ್ಪ ತಡೆದುಕೊಂಡಾನು ಹೇಳಿ.

ಅವರು ಬಾಯಿಗೆ ಟವೆಲ್ ತುರುಕಿಕೊಂಡು ಅಳುತ್ತಿದ್ದರಂತೆ. ಆದರೂ ಸರ್ವಮಂಗಳಾಗೆ ಎಚ್ಚರವಾಯಿತು. ಎದ್ದು ಬಂದವರಿಗೆ ಏನೂ ಕೇಳಿಸಲಿಲ್ಲ, ಫ್ಯಾನು ಬಿಟ್ಟರೆ. ಇವರು ಮೆಲ್ಲನೆ ಎಲ್ಲ ಹೇಳಿದರು. ಅವರು ಹುಚ್ಚು ಅನ್ನಲಿಲ್ಲ, ಬೆಚ್ಚಲಿಲ್ಲ. ನೆಲದ ಮೇಲೆ ಕೂತರು. ಬಹಳ ಹೊತ್ತು ಗಂಡನ ಕಾಲು ಹಿಡಿದುಕೊಂಡೇ ಇದ್ದರು.

"ಆ ಕಿವಿ ಕೇಳಿಸಲ್ಲ ಅಂತ ಅವಳಿಗೆ ಗೊತ್ತಿರ್ಲಿಲ್ವೇನ್ರೀ?"

ಇವರ ಕೈ ಎಡಗಿವಿಗೆ ಹೋಯಿತು.

"ಮಗೂಗೆ ಭಯ ಆಗಿತ್ತು. ಹೇಳ್ಕೋಬೇಕಿತ್ತು. ನಿಮಗೆ ಗೊತ್ತಾಗೋದು ಬೇಡವಾಗಿತ್ತು... ಬೇಕಂತಲೇ ಆ ಕಿವೀಲಿ ಹೇಳಿದಾಳೆ."

ಇದು ಸಮಾಧಾನವೋ, ಗಾಯಕ್ಕೆ ಹಾಕಿದ ಉಪ್ಪೋ, ನನಗೆ ಇವತ್ತಿಗೂ ತಿಳಿದಿಲ್ಲ. ಸಾಯುವ ಹೊತ್ತಿನಲ್ಲೂ ಅಪ್ಪನ ನಿದ್ದೆ ಕೆಡಬಾರದು ಅಂತ ನೋಡಿದ ಮಗಳು.

ನೀ ಹೋಗಿ ಮಲಗು ಅಂದರು ಹೆಂಡತಿಗೆ. ತಾವು ಏಳಲಿಲ್ಲ. ಆ ಕುರ್ಚಿಯಲ್ಲೇ, ಎಡಭುಜ ಸ್ವಲ್ಪ ತಗ್ಗಿಸಿ ಕೂತರು.

"ಹೋಗಲ್ಲ ಪುಟ್ಟಿ. ಇಲ್ಲೇ ಇದೀನಿ."

ಮತ್ತೆ ಮಾತು ಬರಲಿಲ್ಲ. ಉಸಿರು ಮಾತ್ರ ಬಂತು. ಒಂದು ಗಂಟೆಗೆ ಹ್ಹ ಹ್ಹ ಅನ್ನುತ್ತಿದ್ದದ್ದು ಎರಡಕ್ಕೆ ನಿಧಾನವಾಯಿತು. ಮೂರಕ್ಕೆ ಉದ್ದವಾಯಿತು, ನಿದ್ದೆ ಹತ್ತಿದವರ ಹಾಗೆ. ಗುರುಶಾಂತಪ್ಪನವರ ಕಾಲು ಜೋಮು ಹಿಡಿಯಿತು, ಬಾಯಾರಿತು. ಅಲ್ಲಾಡಲಿಲ್ಲ. ಐದಕ್ಕೆ ಹಾಲಿನ ಗಾಡಿಯವನು ಕ್ರೇಟು ಇಳಿಸಿದ... ಧಡ್... ಧಡ್... ಆಗ ನೋಡುತ್ತಾರೆ, ಉಸಿರು ಇಲ್ಲ. ಎಡಗಿವಿ ಎಂದಿನಂತೆ ಕಲ್ಲು.

ಬೆಳಗ್ಗೆ ಆರಕ್ಕೆ ನನ್ನನ್ನು ಕರೆದರು. ಹೋದೆ. ಆ ಹಿಂದಿನ ಸ್ಪೀಕರನ್ನು ನಾನೇ ಸ್ಟೂಲು ಹಾಕಿ ಹತ್ತಿ ನೋಡಿದೆ. ವೈರು ಸಿಕ್ಕಿಸುವ ಎರಡು ತೂತಿನಲ್ಲೂ ಪೇಂಟು ಗಟ್ಟಿಯಾಗಿ ಕೂತಿತ್ತು, ಮೇಲೆ ಜೇಡರ ಬಲೆ. ದೆವ್ವ ಅನ್ಬೇಡ ಪ್ರಸನ್ನ, ನಮ್ಮಲ್ಲಿ ಹೋದವರು ಲಿಂಗದಲ್ಲಿ ಸೇರ್ತಾರೆ, ಅಲೆಯೋದಿಲ್ಲ ಅಂದರು. ನಾನು ಸ್ಟೂಲಿನಿಂದ ಇಳಿದೆ.

ಅವರು ಇನ್ನೂ ರಾತ್ರಿಯ ಶರ್ಟಿನಲ್ಲೇ ಇದ್ದರು. ಎಡಭುಜದ ಹಿಂಬದಿ ಒದ್ದೆಯಾಗಿತ್ತು. ಕಾಲರಿನಿಂದ ತೋಳಿನವರೆಗೆ, ಒಳಗಿನ ಬನಿಯನ್ನಿಗೂ ಇಳಿದಿತ್ತು. ಬೆವರು ಅನ್ನೋಣವೆಂದರೆ ಬಲಭುಜ ಒಣಗಿ ಗರಿಗರಿ. ಅವರ ಕಣ್ಣೀರು ಅನ್ನೋಣವೆಂದರೆ ತಮ್ಮ ಭುಜದ ಹಿಂಬದಿಗೆ ಯಾರು ಅತ್ತಾರು. ಸುಳ್ಳು ಹೇಳಿ ನನಗೇನಾಗಬೇಕಾಗಿದೆ... ಮುಟ್ಟಿ ನೋಡಿ ಅಂತ ಸರ್ವಮಂಗಳಾ ಅಂದದ್ದಕ್ಕೆ ನಾನೇ ಅಂಗೈ ಇಟ್ಟು ನೋಡಿದೆ. ಆ ಒದ್ದೆ ಇನ್ನೂ ಬೆಚ್ಚಗಿತ್ತು.