ಭಾಷಣದ ಎಂಟನೇ ಸಾಲು

ಅಲ್ಲೇ ನಿಲ್ಲಿಸು ಶಿಫಾ. "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಅಂದೆಯಲ್ಲ, ನಮ್ಮ ಏಳನೇ ಕ್ಲಾಸಿನಲ್ಲಿ ವೇದಿಕೆ ಎಲ್ಲಿದೆ? ಗಣ್ಯರು ಯಾರು, ನಿನ್ನ ಪಕ್ಕ ಕೂರೋ ಅಶ್ವಿನ್ನಾ?... ನಗಬೇಡ. ಹದಿನಾಲ್ಕು ಮಕ್ಕಳು, ಒಬ್ಬ ಮೇಷ್ಟ್ರು. "ಸ್ನೇಹಿತರೇ" ಅಂದರೆ ಸಾಕು.

ಊಟದ ಬೆಲ್ಲಿನ ನಂತರ ನಿನ್ನದೇ ಮೊದಲನೇ ಭಾಷಣ. ಬೆಲ್ಲಿಗೆ ಇನ್ನು ಹತ್ತು ನಿಮಿಷ ಇದೆ. ವಿಷಯ "ನನ್ನ ಮೆಚ್ಚಿನ ವ್ಯಕ್ತಿ". ನೀನು ಭಾಗೀರಥಿ ಟೀಚರ್ ಬಗ್ಗೆ ಬರೆದದ್ದಕ್ಕೆ ನನ್ನ ಆಕ್ಷೇಪ ಇಲ್ಲ. ಅವರು ನನ್ನ ಹೆಂಡತಿ ಅನ್ನೋದನ್ನು ಮರೆತುಬಿಡು. ಮಾರ್ಕು ಹಾಕುವಾಗ ನಾನೂ ಮರೀತೇನೆ.

ಮೊದಲ ಏಳು ಸಾಲು ಚೆನ್ನಾಗಿದೆ. "ಭಾಗಾಕಾರ ಬಾರದವರಿಗೆ ಹುಣಸೆಬೀಜ ಹಂಚಿ ಕಲಿಸುತ್ತಿದ್ದರು." ನಿಜ. "ಎಂದೂ ಕೋಪ ಮಾಡಿಕೊಳ್ಳುತ್ತಿರಲಿಲ್ಲ." ಸುಳ್ಳು. ಆದರೆ ಭಾಷಣಕ್ಕೆ ನಡೆಯುತ್ತೆ.

ಎಂಟನೇ ಸಾಲು... ಇದನ್ನು ನಿನ್ನೆಯೇ ಹೊಡೆದುಹಾಕಿದ್ದೆ, ಮತ್ತೆ ಬರೆದುಕೊಂಡು ಬಂದಿದ್ದೀಯ. "ನಾನು ಶಾಲೆಯಲ್ಲಿ ಮರೆತುಬಂದ ಕೊಡೆ ತರಲು ಹೋಗಿ ಟೀಚರ್ ಮರದ ಸಂಕದಿಂದ ಹೊಳೆಗೆ ಬಿದ್ದು ತೀರಿಕೊಂಡರು." ಉದ್ದ ಆಯ್ತು, ಒಂದೇ ಉಸಿರಿಗೆ ಹೇಳೋಕಾಗಲ್ಲ. ಖಚಿತ ಗೊತ್ತಿಲ್ಲದ್ದನ್ನು ಭಾಷಣದಲ್ಲಿ ಹೇಳಲೂಬಾರದು. "ಏನೋ ತರಲು ಹೋಗಿ" ಅಂತ ತಿದ್ದಿದ್ದೆನಲ್ಲ, ಹಾಗೇ ಓದು.

ಓದು.

ಮತ್ತೆ ಕೊಡೆ ಅಂತಲೇ ಓದಿದೆಯಲ್ಲ.

ನೋಡು ಮಾರಾಯ್ತಿ, ಇಡೀ ಊರಿಗೆ ನಾನು ಹೇಳಿದ್ದೂ ಅಷ್ಟೇ. ಟೀಚರ್ ಏನೋ ಮರೆತಿದ್ದರು, ವಾಪಸ್ ಹೋದರು. ಯಾರೂ ಎದುರು ಕೇಳಲಿಲ್ಲ. ನಿನ್ನ ತಾಯಿ ಮಾತ್ರ ಎರಡು ಸಲ ಬಂದು, ಎಂಥ ಮಳೆ ಬಂದರೂ ಇವಳು ಕೊಡೆ ಮುಟ್ಟಲ್ಲ, ಪ್ಲಾಸ್ಟಿಕ್ ಹೊದ್ದುಕೊಂಡೇ ನಡೀತಾಳೆ ಅಂದರು. ಮಕ್ಕಳ ಹಟ, ಹೋಗುತ್ತೆ ಅಂದೆ.

ನನ್ನನ್ನು ನೋಡಬೇಡ. ಪುಸ್ತಕ ನೋಡು.

ಅವತ್ತು ಶಾಲೆ ಬಿಡೋ ಹೊತ್ತಿಗೆ ಹೊಳವಾಗಿತ್ತು. ಮಳೆ ನಿಂತಾಗ ಎಲ್ಲರೂ ಕೊಡೆ ಮರೀತಾರೆ. ನಿನ್ನ ಕೊಡೆ ಶಾಲೆ ಮತ್ತೆ ತೆರೆದಾಗಲೂ ಕ್ಲಾಸಿನ ಮೊಳೆಯಲ್ಲೇ ನೇತಾಡ್ತಿತ್ತು, ನಾನೇ ತೆಗೆದುಕೊಟ್ಟೆ. ಕೊಡೆಗೆ ಹೋದವರು ಕೊಡೆ ಬಿಟ್ಟು ಬರ್ತಾರಾ? ಟೀಚರ್ ನಿಮ್ಮನ್ನೆಲ್ಲ ಸಂಕ ದಾಟಿಸಿದ ಮೇಲೆ ನೀನು "ನನ್ನ ಕೊಡೆ" ಅಂದಾಗ ಅವರು ಫೋನಿನಲ್ಲಿದ್ದರು ತಾನೇ? ನೀನು ಹೇಳಿದ್ದು ಅವರಿಗೆ ಕೇಳಿಸಿರಲೇ ಇಲ್ಲ.

ನನಗೆ ಹೇಗೆ ಗೊತ್ತು ಅಂತ ನೀನು ಕೇಳ್ತಾ ಇಲ್ಲ.

ಕೇಳಬಹುದು...

ಆ ಫೋನ್ ಮಾಡಿದ್ದು ನಾನು. ಅವತ್ತು ನನಗೆ ಕಳಸದಲ್ಲಿ ಮೀಟಿಂಗ್ ಇತ್ತು. ಸಂಕ ದಾಟಿದ ಮೇಲೇ ಅಲ್ಲಿ ಸಿಗ್ನಲ್ ಸಿಗೋದು, ಲೆಕ್ಕ ಹಾಕಿ ಆ ಹೊತ್ತಿಗೇ ಮಾಡಿದೆ. ಮಕ್ಕಳೆಲ್ಲ ದಾಟಿದರಾ ಅಂತ ಕೇಳಿದೆ. ದಾಟಿದರು ಅಂದಳು. ಹಾಜರಿ ಪುಸ್ತಕ ಬೀರುವಿನಲ್ಲಿಟ್ಟೆಯಾ ಅಂತ ಕೇಳಿದೆ. ಮೇಜಿನ ಮೇಲೆ ಉಳೀತು, ನಾಳೆ ಬೇಗ ಹೋಗಿ ಎತ್ತಿಡ್ತೀನಿ ಅಂದಳು. "ಅಲ್ಲಿ ಹಂಚು ಸೋರುತ್ತೆ, ನಾಳೆಗೆ ಅದು ಮುದ್ದೆಯಾಗಿರುತ್ತೆ" ಅಂದೆ. ಅಷ್ಟೇ. ಗಟ್ಟಿಯಾಗಿಯೂ ಹೇಳಲಿಲ್ಲ.

ಅವಳನ್ನು ಹೊಳೆಯಿಂದ ಎತ್ತಿದಾಗ ಆ ಪುಸ್ತಕ ಅವಳ ಚೀಲದಲ್ಲಿತ್ತು. ಮೂರು ಪ್ಲಾಸ್ಟಿಕ್ ಕವರ್ ಸುತ್ತಿದ್ದಳು. ಒಂದಕ್ಷರವೂ ಅಳಿಸಿರಲಿಲ್ಲ. ಈಗಲೂ ನಿಮ್ಮ ಹಾಜರಿ ಅದರಲ್ಲೇ ಹಾಕ್ತೇನೆ.

ಪೆನ್ನು ತಗೋ. ಎಂಟನೇ ಸಾಲು: "ಟೀಚರ್ ಹಾಜರಿ ಪುಸ್ತಕ ತರಲು ಹೋದರು."

ಬರಿ... ಯಾಕೆ ಬರೀತಿಲ್ಲ?

ಹೌದು. ಕಳಿಸಿದವರು ಯಾರು ಅಂತ ಅದರಲ್ಲಿ ಇಲ್ಲ.

ನನ್ನ ಹೆಸರು ಹಾಕಿ ಬರಿ: "ಪರಮೇಶ್ವರ ಮೇಷ್ಟ್ರು ಹಾಜರಿ ಪುಸ್ತಕಕ್ಕಾಗಿ ಟೀಚರನ್ನು ವಾಪಸ್ ಕಳಿಸಿದರು." ಇದು ಸರಿ.

ಇದನ್ನೂ ಬರೆಯೋಲ್ಲವಾ?... ಪೆನ್ನು ಇಲ್ಲಿ ಕೊಡು. ಅಳಬೇಡ, ನೀನು ಯಾವ ತಪ್ಪೂ ಮಾಡಿಲ್ಲ. ಇದನ್ನು ಜುಲೈನಲ್ಲೇ, ಟೀಚರ್ ಹೋದಾಗಲೇ ಹೇಳಬೇಕಿತ್ತು.

ಬೆಲ್ ಆಯ್ತು, ಮುಖ ಒರೆಸಿಕೊಂಡು ನಡಿ. ನೀನು ಏಳು ಸಾಲು ಹೇಳಿ ಕೂತುಕೋ. ಎಂಟನೆಯದನ್ನು ನಾನು ಎದ್ದು ಹೇಳ್ತೇನೆ.