ಏರಿಯ ಮಣ್ಣು ಹಿಡಿದು ಮಾಡಿದ ಆಣೆ

ಶರಣರೇ, ಹೊರಗಿನ ಆ ಗುರುಗುಡು ಸದ್ದು ಇರಲಿ ಬಿಡಿ, ಒಂದು ಕಥೆ ಕೇಳಿ.

ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಅವನಿಗೊಂದು ಇಟ್ಟಿಗೆ ಭಟ್ಟಿ. ಭಟ್ಟಿಗೆ ಮಣ್ಣು ಎಲ್ಲಿಂದ? ಊರ ಮೇಲಿನ ಕೆರೆಯ ಏರಿಯಿಂದ! ನೋಡಿ, ಏರಿ ಎಂದರೆ ಇಡೀ ಊರನ್ನು ನೀರಿನಿಂದ ಕಾಯುವ ಗೋಡೆ. ಅವನು ಬಂಡಿಗಟ್ಟಲೆ ಅಗೆದ. ಅವನನ್ನು ನೋಡಿ ಉಳಿದವರೂ ಅಗೆದರು. ಏರಿಯ ಕೆಳಗೇ ಒಂದು ಗುಡಿಸಲು. ಅಲ್ಲಿ ಬುಟ್ಟಿ ಹೆಣೆಯುವ ಮುದುಕಿ, ಅವಳ ಒಬ್ಬಳೇ ಮಗಳು. ಅವರು ತೆಗೆದದ್ದೆಷ್ಟು? ಒಂದು ಒಲೆಗೆ ಆಗುವಷ್ಟು. ಅಷ್ಟೇ.

ಒಂದು ಮಳೆಗಾಲ ಏರಿ ಜಿನುಗತೊಡಗಿತು. ಮುದುಕಿ ಓಡಿ ಬಂದು ಬಾಯಿ ಬಡಿದುಕೊಂಡಳು. ಸುತ್ತಲ ಊರವರೂ ಸೇರಿ ದೊಡ್ಡ ಸಭೆ ಮಾಡಿದರು. ಹೋಳಿಗೆ ಊಟ, ಭಾಷಣ, ಎಲ್ಲ ಆಯಿತು. ಆ ಸೀಮೆಯ ಪದ್ಧತಿ ಏನು ಗೊತ್ತೇ? ಆಣೆ ಮಾಡುವವನು ಏರಿಯ ಮಣ್ಣನ್ನೇ ಮುಷ್ಟಿಯಲ್ಲಿ ಹಿಡಿದು ಆಣೆ ಮಾಡಬೇಕು, ಆ ಮಣ್ಣನ್ನು ಮನೆಗೊಯ್ದು ದೇವರ ಮುಂದಿಡಬೇಕು. ಇನ್ನು ಅಗೆಯುವುದಿಲ್ಲ, ಮನೆಗೊಂದು ಬುಟ್ಟಿ ಮಣ್ಣು ಏರಿಗೆ ಹಾಕುತ್ತೇವೆ ಎಂದು ಎಲ್ಲರೂ ಆಣೆ ಮಾಡಿದರು.

“ನಾನೂ ಹಾಕ್ತೀನಿ. ಆದ್ರ ಮೊದ್ಲ ಉಳದಾವ್ರು ಹಾಕ್ಲಿ,” ಅಂದ ಶ್ರೀಮಂತ.

“ಜಾಸ್ತಿ ಅಗದಾಂವ ನೀನ. ನೀನ ಮೊದ್ಲ ಹಾಕು,” ಅಂದರು ಉಳಿದವರು.

ಹೀಗೆ ಪ್ರತಿ ವರ್ಷ ಸಭೆ, ಪ್ರತಿ ವರ್ಷ ಆಣೆ. ಸುಳ್ಳು ಹೇಳಬಾರದು, ಕೆಲವರು ಮಣ್ಣು ಹಾಕಿದರು. ಅದರಿಂದಲೇ ಏರಿ ಅಷ್ಟು ಕಾಲ ನಿಂತಿತು. ಆದರೆ ಹಾಕಿದ್ದು ಬುಟ್ಟಿಯಲ್ಲಿ, ಅಗೆದದ್ದು ಬಂಡಿಯಲ್ಲಿ! ಆಣೆಗೆಂದು ಹಿಡಿದ ಮಣ್ಣಾದರೂ ಯಾವುದು? ಅದೂ ಏರಿಯದೇ ಅಲ್ಲವೇ? ಅಯ್ಯೋ ನಮ್ಮ ಬುದ್ಧಿಯೇ!

ಕೊನೆಗೆ ಏರಿ ಒಡೆಯಿತು. ಮುದುಕಿ ಅವತ್ತು ಬುಟ್ಟಿ ಮಾರಲು ಸಂತೆಗೆ ಹೋಗಿದ್ದಳು. ಬಾಣಂತಿ ಮಗಳು, ಎಳೆಗೂಸು, ಇಬ್ಬರೂ ಉಳಿಯಲಿಲ್ಲ. ದಿಬ್ಬದ ಮೇಲಿದ್ದ ಶ್ರೀಮಂತನ ಮನೆಗೆ ನೀರು ಮುಟ್ಟಲೇ ಇಲ್ಲ. ಬಚಾವಾದೆ ಅಂದುಕೊಂಡ. ಬೇಸಿಗೆ ಬಂತು. ಕೆರೆ ಬರಿದಾಗಿತ್ತು, ಅವನ ಬಾವಿಯೂ ಬತ್ತಿತು. ಆಗ ಮುದುಕಿಯ ಹತ್ತಿರ ಬಂದ.

“ಎವ್ವಾ, ಏರಿ ಕಟ್ಟಬೇಕು. ಬುಟ್ಟಿ ಹೆಣದು ಕೊಡು.”

“ಕೊಡ್ತೀನ್ರೀ ಸಾವ್ಕಾರ್ರ. ಈಗ ಏರಿ ಕಟ್ಟಿದ್ರ ನನ್ನ ಮಗಳು ತಿರುಗಿ ಬರ್ತಾಳೇನ್ರೀ?”

ಶರಣರೇ, ತಾಯಂದಿರೇ, ಭೂಮಿಯ ಬಿಸಿ ಏರುತ್ತಿದೆ ಎಂದು ದೇಶದೇಶದವರು ವರ್ಷಾ ವರ್ಷಾ ಸೇರುತ್ತಾರೆ. ಹೊಗೆ ಉಗುಳುವ ವಿಮಾನ ಹತ್ತಿ ಬಂದು, ಹೊಗೆ ತಗ್ಗಿಸುತ್ತೇವೆ ಎಂದು ಸಹಿ ಹಾಕುತ್ತಾರೆ. ಸಭೆ ಬೇಡ ಎನ್ನುವುದಿಲ್ಲ ನಾನು. ಆದರೆ ಹೊಗೆ ನಿಂತಿದೆಯೇ? ಮೊದಲು ಕೊಚ್ಚಿಹೋಗುವವರು ಯಾರು? ಒಂದು ಒಲೆಯಷ್ಟೇ ಹೊಗೆ ಬಿಟ್ಟವರು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ತಲೆ ಆಡಿಸುತ್ತಿದ್ದೀರಿ, ‘ಹೌದ್ರೀ ಸ್ವಾಮ್ಯಾರ, ಎಲ್ಲಾ ದೊಡ್ಡವ್ರ ತಪ್ಪು’ ಅಂತ. ಆಡಿಸಿದ್ದು ಸಾಕು. ಓಣಿಯ ತುದಿಯ ಅಂಗಡಿಗೆ ಬೈಕ್ ಹತ್ತುವುದನ್ನು ಬಿಡಿ. ಯಾರೂ ಇಲ್ಲದ ಕೋಣೆಯ ಫ್ಯಾನು, ಏಸಿ ಆರಿಸಿ. ಮದುವೆಯಲ್ಲಿ ಹಾಡುಹಗಲೇ ಉರಿಯುವ ದೀಪದ ಸರ ಯಾರ ಕಣ್ಣಿಗೆ? ನಾಳೆಯಿಂದ ಅನ್ನಬೇಡಿ, ಮೊದಲು ಅವರು ಬಿಡಲಿ ಅನ್ನಬೇಡಿ. ಆ ಊರಿನವರೂ ಹಾಗೇ ಅಂದಿದ್ದರು.

ನಾನು ಬಾಯಿ ತೆರೆದಾಗಿನಿಂದ ಹೊರಗೊಂದು ಕಾರು ಗುರುಗುಡುತ್ತಲೇ ಇದೆ. ಹೋಗುವಾಗ ಒಳಗೆ ತಂಪಾಗಿರಲಿ ಎಂದು ಯಾರೋ ಎಂಜಿನ್ ಚಾಲೂ ಇಟ್ಟು ಬಂದಿದ್ದಾರೆ. ಯಾರದದು? ಎದ್ದು ಹೋಗಿ ಆರಿಸಿ ಬನ್ನಿ. ಅಲ್ಲಿಯವರೆಗೆ ನಾನು ಮುಂದಿನ ಮಾತು ಆಡುವುದಿಲ್ಲ.